ಎರಡು ಹನಿ

ಚೀಟಿಯಲ್ಲಿದ್ದದ್ದು ಇಷ್ಟು: ಗಂಡು, ನಲವತ್ತೊಂದು, ಬಲಗಾಲ ಹೆಬ್ಬೆರಳು.
ಹೆಸರು ನೋಡಿ ಕೈ ಒಂದು ಕ್ಷಣ ನಿಂತಿತು.
ಕೆಲೆಪಿ. ಆಕ್ಲೆಂಡಿನ ನಮ್ಮ ಇಗರ್ಜಿಯ ಬ್ಯಾಂಡಿನಲ್ಲಿ ಯೂಫೋನಿಯಂ ಊದುವವನು,
ಧಕ್ಕೆಯಲ್ಲಿ ಹಗ್ಗ ಎಳೆಯುವವನು.
"ಹಗ್ಗ ಎಡವಿದೆ" ಅಂದನಂತೆ ಡಾಕ್ಟರಿಗೆ.
ಎಡವಿದವನು ರಾತ್ರಿ ಎರಡಕ್ಕೆ ಎದ್ದು ಕೂರುತ್ತಾನೆಯೇ,
ಹೊದಿಕೆಯ ಅಂಚು ತಾಕಿತೆಂದು ಕಿರುಚುತ್ತಾನೆಯೇ?

ಸಿರಿಂಜಿನ ತುದಿಯಲ್ಲಿ ಒಂದೇ ಹನಿ, ಗಂಜಿಯ ಮಬ್ಬು.
ಗಾಜಿನ ಮೇಲೆ ಹನಿ, ಹನಿಯ ಮೇಲೆ ಗಾಜು.
ಬೆಳಕನ್ನು ಎರಡು ಸಲ ಸೋಸಿದೆ: ಕತ್ತಲು.
ಪಟ್ಟಿ ಜಾರಿಸಿದೆ: ಕೆನ್ನೇರಳೆ.
ಅದರೊಳಗೆ ಸೂಜಿಗಳು.
ಒಂದು, ಬಿಳಿ ರಕ್ತಕಣವನ್ನು ತೂರಿ ಆಚೆ ಚಾಚಿತ್ತು;
ನುಂಗಲಾಗದೆ ಉಗುಳಲಾಗದೆ
ಆ ಕಣದ ಬಾಯಲ್ಲೂ ಬಿಸಿತುಪ್ಪ.
ತಿರುಗಿಸಿದೆ.
ಅಕ್ಷದ ಜೊತೆ ಮಲಗಿದ ಸೂಜಿ ಹಳದಿ,
ಅಡ್ಡ ಬಿದ್ದದ್ದು ನೀಲಿ.
ಗೌಟ್.
ಹಾಗಂತ ಉಳಿದ ತೇವವನ್ನು ಚೆಲ್ಲಲಿಲ್ಲ.
ಸೂಜಿಯಿರುವ ಮನೆಯಲ್ಲಿ ಕ್ರಿಮಿಯೂ ಬಾಡಿಗೆಗಿರಬಹುದು,
ಬೆಚ್ಚಗಿಟ್ಟು ಕಾಯಬೇಕು.

ಮಧ್ಯಾಹ್ನದ ಹನಿ ಎಫಿ ಮೆಕ್‌ಕಾಸ್ಕಿಲ್ ಅಜ್ಜಿಯ ಮಂಡಿಯದು.
ಅದೇ ಊತ, ಅದೇ ಕೆಂಪು;
"ಗೌಟ್?" ಎಂದು ಯಾರದೋ ಅವಸರದ ಕೈಬರಹ.
ಸೂಜಿಯಿಲ್ಲ ಇಲ್ಲಿ.
ಓರೆಯಾಗಿ ಕೊಯ್ದ ಇಟ್ಟಿಗೆಯಂಥ ಗಿಡ್ಡ ತುಂಡುಗಳು,
ಮಂಕು, ಮೊದಲ ನೋಟಕ್ಕೆ ಇಲ್ಲವೇ ಇಲ್ಲ ಅನ್ನುವಷ್ಟು.
ಅಕ್ಷದ ಜೊತೆ ನೀಲಿ, ಅಡ್ಡಕ್ಕೆ ಹಳದಿ,
ಎಲ್ಲ ತಿರುವುಮುರುವು.
ಸುಣ್ಣದ ಸಂಬಂಧಿ ಇದು, ಬೇರೆಯೇ ಕುಲ.
ಬೇರೆ ಹೆಸರು ಬರೆದು ಸಹಿ ಹಾಕಿದೆ.

ದೀಪ ಆರಿಸುವಾಗ ಅಪ್ಪ ನೆನಪಾದ.
ಟೋಂಗಾದಲ್ಲಿ, ಅವನ ಹೆಬ್ಬೆರಳು ನೋಡಿ ಪಾದ್ರಿ ನಕ್ಕಿದ್ದ:
"ಹಬ್ಬದೂಟದ ಬಾಕಿ, ತೀರಿಸು."
ಅಪ್ಪ ಹಂದಿ ಬಿಟ್ಟ. ಮೀನು ಬಿಟ್ಟ.
ಆಮೇಲೆ ನಾಲ್ಕು ಜನರ ನಡುವೆ ಚಾಪೆಯ ಮೇಲೆ ಕೂರುವುದನ್ನೇ ಬಿಟ್ಟ.
ಬೆರಳು ಅವನನ್ನು ಬಿಡಲಿಲ್ಲ.
ಹೊರಹಾಕಬೇಕಾದ್ದನ್ನು ಬಿಗಿಹಿಡಿದದ್ದು ಮೂತ್ರಪಿಂಡ,
ಅಜ್ಜ ಮುತ್ತಜ್ಜರಿಂದ ಇಳಿದ ಜಿಪುಣತನ;
ಬೈಸಿಕೊಂಡದ್ದು ನಾಲಗೆ.
ಎತ್ತಿಗೆ ಜ್ವರ, ಎಮ್ಮೆಗೆ ಬರೆ.
ಅಪ್ಪನ ಹನಿಯನ್ನು ಬೆಳಕಿಗೆ ಹಿಡಿದವರಿಲ್ಲ.

ಭಾನುವಾರ ಕೆಲೆಪಿ ಬಂದ,
ಒಂದು ಕಾಲಿಗೆ ಬೂಟು, ಒಂದಕ್ಕೆ ರಬ್ಬರ್ ಚಪ್ಪಲಿ.
"ಹಗ್ಗ ಎಡವಿದೆ" ಅಂದ ನನಗೂ,
ಊಟದ ಸಾಲಿನ ಕೊನೆಯಲ್ಲಿ ನಿಂತು, ಗೋಡೆ ನೋಡುತ್ತ.
ಬಾಯಿ ಬಿಡುವ ಹಕ್ಕು ನನಗಿಲ್ಲ.
"ಹೌದೇ" ಅಂದೆ,
ಚಾಪೆಯ ಮೇಲೆ ಸ್ವಲ್ಪ ಸರಿದು
ಅವನ ಕಾಲು ಚಾಚುವಷ್ಟು ಜಾಗ ಬಿಟ್ಟೆ.