ಬೆಟ್ಟದ ಬೆನ್ನು

ಮೊದಲು ನೀರು, ಆಮೇಲೆ ಪುಡಿ.
ಉಲ್ಟಾ ಮಾಡಿದರೆ ಗಂಟು.
ಇಪ್ಪತ್ತಾರು ವರ್ಷದಿಂದ ಕಾಕ್ಸ್‌ಟೌನಿನ ಲ್ಯಾಬಿನಲ್ಲಿ
ಊರವರ ಹಲ್ಲಿನ ಅಚ್ಚು ಎರೆಯುವವಳು ನಾನು;
ಪ್ಲಾಸ್ಟರಿನ ಮುನಿಸು ನನಗೆ ಗೊತ್ತು.
ಅವಸರಿಸಿದರೆ ಗುಳ್ಳೆ, ಆಚೀಚೆ ನೋಡಿದರೆ ಕಲ್ಲು.

ಇನ್ನಾಸಪ್ಪನವರು ಬಂದದ್ದು ಕೆಳದವಡೆಯ ಸೆಟ್ಟಿಗೆ.
ರೈಲು ಓಡಿಸಿ ರಿಟೈರಾದವರು.
ತಮ್ಮದೇ ವಸಡಿನ ಅಚ್ಚನ್ನು ಅಂಗೈಯಲ್ಲಿಟ್ಟು
ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ,
'ಮಾಕಳಿದುರ್ಗದ ತಿರುವಿನ ಥರ ಇದೆಯಲ್ಲಮ್ಮಾ' ಅಂದರು.

ಅವರ ತಾರಸಿಯ ತಗಡಿನ ಕೋಣೆಯಲ್ಲಿ
ಎರಡು ಬಾಗಿಲಗಲದ ಹಲಗೆ.
ಹಳಿಯಲ್ಲಿ ಒಂದು ಕೂದಲಿನ ತಪ್ಪಿಲ್ಲ,
ಎಸ್‌.ಪಿ. ರೋಡಿನ ಬಲ್ಬು ಸಿಗ್ನಲ್ಲಾಗಿ ಕೆಂಪು ಕಾರುತ್ತಿತ್ತು.
ಬಂಡೆಗಳು ಮಾತ್ರ ನಿನ್ನೆಯ ಇಡ್ಲಿ.
'ನಗಬೇಡ' ಅಂದರು.
ನಕ್ಕೆ.

ಹಲ್ಲನ್ನು ಕೆತ್ತಬಹುದು. ಬಂಡೆಯನ್ನು ಕೆತ್ತಕೂಡದು,
ಉಳಿ ಸೋಕಿದ್ದನ್ನು ಅದು ಎಲ್ಲರಿಗೂ ಚಾಡಿ ಹೇಳುತ್ತದೆ.
ಊಟ ಕಟ್ಟಿಸಿ ತಂದ ಫಾಯಿಲನ್ನು ಮುದುರಿ, ಬಿಡಿಸಿ,
ಸುಕ್ಕುಗಳಿಗೆ ಗಂಜಿಯಷ್ಟು ತೆಳ್ಳಗೆ ಸುರಿದೆ.
ಹನ್ನೆರಡು ನಿಮಿಷ.
ಗಟ್ಟಿಯಾಗುವಾಗ ಪ್ಲಾಸ್ಟರು ಬಿಸಿಯಾಗುತ್ತದೆ,
ಜ್ವರ ಬಂದ ಮಗುವಿನ ಪಾದದಷ್ಟು.
ಅದು ತಣಿಯುವವರೆಗೆ ಇಬ್ಬರೂ ಮಾತಾಡಲಿಲ್ಲ.

ಫಾಯಿಲಿನ ಬಂಡೆ ಒಂದು ವಾರ ಹಿಡಿಸಿತು.
ಆಮೇಲೆ ಎಲ್ಲಿ ನೋಡಿದರೂ ಪಲಾವಿನ ಪೊಟ್ಟಣ.
ಭಾನುವಾರ ಲಾಲ್‌ಬಾಗಿನ ಗುಡ್ಡ ಹತ್ತಿದೆ.
ಚೀಲದಲ್ಲಿ ಬಾಯಳತೆಯ ಗುಲಾಬಿ ಹಿಟ್ಟು,
ರಬ್ಬರಿನ ಬಟ್ಟಲು, ಒಂದು ಬಾಟಲಿ ನೀರು.
ವಾಕಿಂಗಿನವರು ನನ್ನನ್ನು ಬಳಸಿಕೊಂಡು ಹೋದರು.
ಬಿರುಕೊಂದಕ್ಕೆ ಹಿಟ್ಟು ಒತ್ತಿ ಹಿಡಿದು ಕೂತಿದ್ದೆ,
ಸೀಟಿ ಊದುತ್ತ ಗಾರ್ಡು ಬಂದ.
'ಏನ್ ಮಾಡ್ತಿದೀರಾ ಮೇಡಂ?'
'ಹಲ್ಲಿನ ಅಳತೆ ತಗೊಳ್ತಿದೀನಿ.'
ಅವನು ಬಂಡೆಯನ್ನು ನೋಡಿದ, ನನ್ನನ್ನು ನೋಡಿದ,
'ವಯಸ್ಸಾಗಿದೆ ಅದಕ್ಕೆ, ನಿಧಾನ' ಅಂದು ಹೋದ.

ಮೂರು ನಿಮಿಷಕ್ಕೆ ಹಿಟ್ಟು ರಬ್ಬರಾಗಿ ಎದ್ದು ಬಂತು,
ಒಣ ಹಾವಸೆಯ ಚೂರು, ಒಂದು ಇರುವೆ ಸಮೇತ.
ಒದ್ದೆ ಬಟ್ಟೆಯಲ್ಲಿ ಸುತ್ತಿ
ಬಸ್ಸಿನುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದೆ.

ಬಣ್ಣಕ್ಕೆ ಡಿಕಾಕ್ಷನ್ನು, ನೀರು ಬೆರೆಸಿದ ಶಾಯಿ, ಚಿಟಿಕೆ ಕಾವಿ.
ಬಳಿಯುವುದಲ್ಲ. ಚಿಮುಕಿಸಿ, ಇಳಿಯಲು ಬಿಡುವುದು.
ಮಳೆನೀರು ಜಾರಿದ ಕಪ್ಪು ಗೆರೆ ಎಲ್ಲೆಲ್ಲಿ ಅಂತ
ಇನ್ನಾಸಪ್ಪ ಕಣ್ಣು ಮುಚ್ಚಿ ಹೇಳಿದರು:
'ಇಲ್ಲೊಂದು. ಪಕ್ಕದಲ್ಲಿ ಅಗಲದ್ದೊಂದು.
ಕೆಳಗೆ ಆನೆಯ ಮಂಡಿಯಂಥ ಉಬ್ಬು,
ಅಲ್ಲಿ ಹಾರ್ನ್ ಹೊಡೀಬೇಕು.'

'ಹಿಂದುಗಡೆ?'

ಕಣ್ಣು ಬಿಟ್ಟರು.
ಮೂವತ್ತೊಂದು ವರ್ಷ, ಹೋಗುವಾಗಲೂ ಬರುವಾಗಲೂ
ಹಳಿ ತೋರಿಸಿದಷ್ಟೇ ಬೆಟ್ಟ ಅವರಿಗೆ.
ಕ್ರಾಸಿಂಗಿಗೆ ಅಂತ ಗಂಟೆಗಟ್ಟಲೆ ಅಲ್ಲೇ ನಿಂತದ್ದುಂಟು;
ಇಂಜಿನ್ ಬಿಟ್ಟು ಇಳಿದು ಸುತ್ತಿಬರುವ ಹಾಗಿರಲಿಲ್ಲ.
'ಹಾಗೇ ಬಿಡು. ಕಾಣದ್ದಕ್ಕೆ ಬಣ್ಣ ಯಾಕೆ.'

ಬಿಟ್ಟೆವು. ಆ ಕಡೆ ಬರಿಯ ಬಿಳಿ.
ನನ್ನ ಹೆಬ್ಬೆರಳ ಗುರುತು, ಸೋರಿ ಬಿಗಿದ ಹನಿಗಳು,
ಒಳಗಿಂದ ಇಣುಕುವ ಹಳೇ ಪೇಪರಿನ
ವಧು ಬೇಕಾಗಿದ್ದಾರೆ ಅನ್ನುವ ಅರ್ಧ ಸಾಲು.

ಕೆಳಮನೆಯ ಶಫಿಯಾ, ಆರು ವರ್ಷದವಳು,
ನಾನು ತಿಂಗಳಿಡೀ ತೇಯ್ದ ಮುಂಭಾಗವನ್ನು ನೋಡಲೇ ಇಲ್ಲ.
ಸೀದಾ ಹಿಂದಕ್ಕೆ ಹೋಗಿ
ಆ ಬಿಳಿಯ ಎದುರು ಕುಕ್ಕರುಗಾಲಲ್ಲಿ ಕೂತಳು.
ಗಾಡಿ ಆನೆಮಂಡಿ ದಾಟಿ ನಮ್ಮಿಂದ ಮರೆಯಾಯಿತು.
'ಬಂತು! ಈಗ ನನ್ನ ಕಡೆ!'

ಇನ್ನಾಸಪ್ಪ ಇತ್ತ ಕೂತಲ್ಲಿಂದಲೇ
ಬಾಯಲ್ಲಿ ಹಾರ್ನ್ ಊದಿದರು, ಉದ್ದಕ್ಕೆ.
ಕೊನೆಯಲ್ಲಿ ಒಂದು ಸಣ್ಣ ಶಿಳ್ಳೆ ಸೋರಿತು.
ಕೆಳಗಿನ ಸೆಟ್ಟು ಇನ್ನೂ ತುಸು ಸಡಿಲ.
ಬುಧವಾರ ಬರಹೇಳಿದ್ದೇನೆ.