ತುಂಡಪ್ಪ ಇಸ್ತಾಂಬುಲ್ ನೋಡಿದ್ದು

ಪ್ಯಾಟರ್ನ್ ಕಾಗದದ ತುಂಡಿನಲ್ಲಿ ಅವನನ್ನು ಕತ್ತರಿಸಿದ್ದಳು ರುಕ್ಮಾ.
ಹೊಟ್ಟೆಯ ಮೇಲೆ ನನ್ನದೇ ಅಕ್ಷರ: ಸೊಂಟ ೩೨.
ಎಡಗಾಲು ಅರ್ಧ ಇಂಚು ಗಿಡ್ಡ.
ಇಪ್ಪತ್ತು ವರ್ಷದ ಕಟಿಂಗ್ ಮಾಸ್ಟರು ನಾನು,
ಕೈ ತುರಿಸಿತು. ಸರಿಮಾಡಲಿಲ್ಲ.
"ತುಂಡಪ್ಪಗ ಎಲ್ಲಾ ತೋರಿಸ್ಬೇಕು" ಅಂದಳು,
"ಸುಮ್ನ ಕಿಸೇದಾಗ ಇಟ್ಕೊಂಡು ಬರಬ್ಯಾಡ."

ಪಾಸ್‌ಪೋರ್ಟಿನೊಳಗೆ ಅಂಗಾತ ಮಲಗಿ ಬಂದ.
ಸೀಲು ಹೊಡೆಯುವವ ಒಮ್ಮೆ ಅವನನ್ನು, ಒಮ್ಮೆ ನನ್ನನ್ನು ನೋಡಿ
ಇಬ್ಬರನ್ನೂ ಬಿಟ್ಟ.

ಸೇಠು ಕಳಿಸಿದ್ದು ಹೊಸ ಮಷೀನು ನೋಡಿ ಬಾ ಎಂದು.
ನೋಡಿದೆ. ನೂರು ಪದರ ಡೆನಿಮ್ಮು,
ಉಸಿರೆಳೆಯುವಷ್ಟರಲ್ಲಿ ನೂರು ಕಾಲು,
ಒಂದೂ ಗಿಡ್ಡವಿಲ್ಲ.
ಆ ಸಂಜೆ ಊಟ ಸೇರಲಿಲ್ಲ.
ತುಂಡಪ್ಪನನ್ನು ಹೊರಗೆ ತೆಗೆದೆ.

ದೋಣಿಯ ಕಟಕಟೆಗೆ ಒರಗಿಸಿದರೆ ಗಾಳಿಗೆ
ಗಡಗಡ ನಡುಗಿದ.
ಎಳ್ಳು ಮೆತ್ತಿದ ಬಳೆರೊಟ್ಟಿ ಮಾರುವ ಮುದುಕ
ಅವನ ಬಾಯಿಗೆ ಒಂದು ಎಳ್ಳು ಅಂಟಿಸಿ ನಕ್ಕ.
ದೊಡ್ಡ ಗುಮ್ಮಟದ ಮುಂದೆ ಹಿಡಿದು
"ನಮ್ಮ ಗುಡ್ಡದಷ್ಟಿಲ್ಲ ಬಿಡೋ" ಎಂದೆ, ಜೋರಾಗಿ.
ನಾಲ್ಕು ದಿನದಲ್ಲಿ ಅದೇ ನನ್ನ ಮೊದಲ ಕನ್ನಡ.

ಈಗ ಕೌಲ್‌ಬಜಾರಿನಲ್ಲಿ ಕರೆಂಟು ಹೋದ ಹೊತ್ತು.
ಮೊಬೈಲಿನ ಬೆಳಕಿನಲ್ಲಿ ರುಕ್ಮಾ ಫೋಟೋ ಸರಿಸುತ್ತಾಳೆ.
ಸಮುದ್ರದ ಬಗ್ಗೆ ಕೇಳಲಿಲ್ಲ, ಗುಮ್ಮಟದ ಬಗ್ಗೆಯೂ.
ಒಂದೊಂದನ್ನೂ ಹಿಗ್ಗಿಸಿ ಮೂಲೆ ತೋರಿಸುತ್ತಾಳೆ:
ಗಿಡ್ಡ ಕಾಲಿಗೆ ಒತ್ತುಕೊಟ್ಟ ಹೆಬ್ಬೆರಳು,
ತೊಳೆದರೂ ಹೋಗದ ನೀಲಿಯ ಉಗುರು.
"ಇಲ್ಲೂ ನೀನು. ಇಲ್ಲೂ."

ಶ್ರಾವಣಕ್ಕೆ ಮಷೀನು ಬರುತ್ತದೆ. ಮನೆಯಲ್ಲಿ ಹೇಳಿಲ್ಲ.
ಅವಳು ಎಣಿಸುತ್ತಿದ್ದಾಳೆ,
ಹತ್ತೊಂಬತ್ತು.