ನಾಲ್ಕು ಬೆರಳು

ಅಪ್ಪ ಕೋಲು ಹಿಡಿಯುವವನು.
ಹದಿನಾಲ್ಕು ಅಡಿಯ ಕೋಲು, ಕೆಂಪು ಕಪ್ಪು ಅಂಕಿ,
ನಡುವೆ ಹಿತ್ತಾಳೆಯ ಕೀಲು.
ಗುಡ್ಡದ ನೆತ್ತಿಗೊಮ್ಮೆ, ಹಳ್ಳದ ಬುಡಕ್ಕೊಮ್ಮೆ
ನೆಟ್ಟಗೆ ನಿಲ್ಲಿಸಿ ಉಸಿರು ಬಿಗಿಹಿಡಿಯುವುದು,
ಅಷ್ಟೇ ಕೆಲಸ. ದಿನಕ್ಕೆ ಎರಡು ರೂಪಾಯಿ.

ಆಚೆ ದಿಬ್ಬದಲ್ಲಿ ಮುಕ್ಕಾಲಿಯ ಹಿಂದೆ
ಒಂದು ಕಣ್ಣು ಮುಚ್ಚಿದ ಪಾಸ್ಕಲ್ ಸಾಹೇಬರು.
ಆ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಂತೆ:
ಆಕಾಶ ಕೆಳಗೆ, ಹಕ್ಕಲು ಮೇಲೆ,
ಅಪ್ಪ ಬಾವಲಿಯ ಹಾಗೆ
ಭೂಮಿಗೆ ಜೋತುಬಿದ್ದವನು.
"ಕೆರಿಯಪ್ಪಾ, ಅಲ್ಲಾಡಬೇಡ, ಮೋಡಕ್ಕೆ ಬೀಳ್ತೀಯ" ಅಂತ
ಸಾಹೇಬರು ನಗುತ್ತಿದ್ದರಂತೆ.

ಅದಕ್ಕೂ ಮೊದಲು ನಮ್ಮ ಗುಡ್ಡಗಳಿಗೆ ಎತ್ತರವಿರಲಿಲ್ಲ.
ದಣಿವಿತ್ತು.
ಹೊರೆ ಇಳಿಸುವ ಕಲ್ಲು ಮೂರಾದರೆ ಬಿಳಗುಡ್ಡ,
ಐದಾದರೆ ಹುಲಿದೇವರ ಕಾನು.
ಕೊಡಚಾದ್ರಿಗೆ ಲೆಕ್ಕವೇ ಇಲ್ಲ, ಅದು ದಿಕ್ಕು.
ಸಾಹೇಬರು ಬಂದು ಎಲ್ಲಕ್ಕೂ ಅಡಿ ಅಂಗುಲ ಕೊಟ್ಟರು,
ಸಮುದ್ರದ ಮಟ್ಟದಿಂದ.
ಸಮುದ್ರ ಕಂಡಿರದ ಅಪ್ಪ ಕೇಳಿದನಂತೆ:
"ನಮ್ಮ ಸಾಗರದ ಪೇಟೆಯಿಂದಲಾ ಸ್ವಾಮಿ?
ಅದು ನಮಗಿಂತ ಮೇಲಲ್ವಾ?"

ಸಾವಿರದ ಎಂಟುನೂರ ಹತ್ತೊಂಬತ್ತು.
ಆ ಬೇಸಿಗೆ ಊರಿಗೆ ಊರೇ ಬಾಯಿಪಾಠ ಮಾಡಿದ ಅಂಕಿ.
ಅಕ್ಷರ ಬಾರದ ಅಜ್ಜಿಯೂ ತಪ್ಪಿಲ್ಲದೆ ಹೇಳುತ್ತಿದ್ದಳು.
ಅಷ್ಟು ಅಡಿ ಸಿಕ್ಕಲ್ಲೆಲ್ಲ ಮರಕ್ಕೆ ಸುಣ್ಣದ ಪಟ್ಟೆ,
ಕೆಳಗಿನದು ಶರಾವತಿಗೆ, ಮೇಲಿನದು ನಿಮಗೆ.
ಕೆಳಗಿನವರಿಗೆ ಪರಿಹಾರ, ಬೇರೆ ಕಡೆ ಜಮೀನು.
ಮೇಲಿನವರಿಗೆ
ಮೇಲಿರುವುದೇ.

ಗೆರೆ ನಮ್ಮ ಅಂಗಳಕ್ಕೆ ಬಂದ ದಿನ
ಅವ್ವ ಮೊರ ಕೆಳಗಿಟ್ಟು ಅಪ್ಪನ ಹತ್ತಿರ ಬಂದಳು.
"ಕೋಲು ಚೂರು ವಾಲಿಸು.
ಚೌಡಪ್ಪಣ್ಣನ ಮನೆ ಹತ್ರ ವಾಲಿದ್ದು ನಾ ಕಂಡಿದ್ದೆ."
ವಾಲಿದರೆ ಅಂಕಿ ಹಿಗ್ಗುತ್ತದೆ, ನೆಲ ತಗ್ಗುತ್ತದೆ,
ಮನೆ ಮುಳುಗುತ್ತದೆ, ದುಡ್ಡು ಬರುತ್ತದೆ.
ಅಪ್ಪನಿಗೆ ಇದೆಲ್ಲ ಗೊತ್ತಿತ್ತು.
ಅಲ್ಲಿ ಗಾಳಿಯಿತ್ತು ಮಾರಾಯ್ತಿ, ಅಂದ.
ಇಲ್ಲಿ ಇಲ್ಲ.

ನಾಲ್ಕು ಬೆರಳು ಮೇಲೆ ಬಂತು ನಮ್ಮ ಹೊಸಿಲು.
ಬಾವಿ ಕೆಳಗೆ ಹೋಯಿತು.

ನೀರು ಬಂದದ್ದು ಹೊಳೆ ಉಕ್ಕಿದ ಹಾಗಲ್ಲ,
ಬತ್ತಿಗೆ ಎಣ್ಣೆ ಏರಿದ ಹಾಗೆ.
ಸುಣ್ಣದ ಪಟ್ಟೆಗಳನ್ನು ಒಂದೊಂದೇ ಮುಟ್ಟಿ ನಿಂತಿತು.
ಸಾಹೇಬರ ಲೆಕ್ಕ ತಪ್ಪಿರಲಿಲ್ಲ.
ಗುಡ್ಡಗಳು ನಡುಗಡ್ಡೆಗಳಾದವು.
ಬಿಳಗುಡ್ಡಕ್ಕೆ ಈಗ ಹೊರೆಗಲ್ಲು ಒಂದೇ,
ಮಿಕ್ಕೆರಡು ಮೀನಿಗೆ.
ನಮ್ಮ ಬಾವಿ ನೀರಿನ ಅಡಿಯಲ್ಲಿ
ತನ್ನ ನೀರು ಯಾವುದೆಂದು ತಿಳಿಯದೆ ತುಂಬಿಕೊಂಡಿದೆ.
ಶಿವಮೊಗ್ಗದ ಆಚೆ ಬಯಲಿಗೆ ಹೋದ ಚೌಡಪ್ಪಣ್ಣ
ಒಂದೇ ಒಂದು ಕಾಗದ ಬರೆಸಿದ:
ಇಲ್ಲಿ ಎಲ್ಲ ಮಟ್ಟಸ, ನಡೆದರೆ ಕಾಲು ನೋಯ್ತದೆ.

ಅವ್ವ ಹದಿನೇಳು ವರ್ಷ ಅಪ್ಪನನ್ನು ಬೆರಳಲ್ಲೇ ಬೈದಳು.
ಮಾತಿಲ್ಲ. ಅನ್ನ ಬಡಿಸಿ
ನಾಲ್ಕು ಬೆರಳು ಎತ್ತಿ ತೋರಿಸುವುದು.
ಅವನು ತಲೆ ಎತ್ತದೆ ಉಣ್ಣುವುದು.

ನಾನು ಮೂವತ್ತು ವರ್ಷ ಮಕ್ಕಳಿಗೆ ನಕ್ಷೆ ಕಲಿಸಿದೆ.
ಸಮೋನ್ನತ ರೇಖೆಗಳು ಒಂದನ್ನೊಂದು ದಾಟುವುದಿಲ್ಲ ಎಂದು
ಸೀಮೆಸುಣ್ಣದಲ್ಲಿ ಬರೆದೆ.
ಬರೆಯುವಾಗಲೆಲ್ಲ ಒಂದು ಗೆರೆ
ಒಲೆಗೂ ಬಾವಿಗೂ ನಡುವೆ ಹಾಯುತ್ತಿತ್ತು.
ಅದನ್ನು ಪರೀಕ್ಷೆಗೆ ಕೇಳಲಿಲ್ಲ.

ಒಂದು ಮೇ ತಿಂಗಳು ಲಾಂಚಿನಲ್ಲಿ ಹೋದೆ.
ನೀರು ಇಳಿದು ಗುಡ್ಡಗಳು ಸೊಂಟದವರೆಗೆ ಎದ್ದಿದ್ದವು,
ಕೆಂಪು ಮಣ್ಣು, ಅರವತ್ತು ವರ್ಷ ಕೊಳೆಯದ ಮರದ ಬೊಡ್ಡೆ.
ಅಲೆಯಿಲ್ಲದ ಕಡೆ ಗುಡ್ಡವೊಂದು
ತಲೆಕೆಳಗಾಗಿ ತೂಗುತ್ತಿತ್ತು.
ಅದರ ತುದಿಯಲ್ಲಿ, ಅಂದರೆ ತಳದಲ್ಲಿ,
ಯಾರೋ ದೋಣಿಯ ಗಳ ಊರಿ ನಿಂತಿದ್ದರು.
ಅಲ್ಲಾಡಲಿಲ್ಲ.
ಗಳ ನೆಟ್ಟಗಿತ್ತೋ, ಚೂರು ವಾಲಿತ್ತೋ,
ಕಣ್ಣು ಕಿರಿದು ಮಾಡಿ ನೋಡುವಷ್ಟರಲ್ಲಿ
ಲಾಂಚು ತಿರುಗಿತು.